ಬರ ಬಂದಾಗ ನೆನಪಾಗುವ ವಿಜ್ಞಾನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದು, ಆಮೇಲೆ ಮೈಸೂರಿಗೆ ಸೇರಿ, ಬಹುಕಾಲ ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳೆಂದು ಕರೆಸಿಕೊಂಡ ಸೀಮೆ ಇದು. ಹರಪನಹಳ್ಳಿ ಮಾತ್ರ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿದ್ದು ವಾಪಸು ಬಂತು. 2021ರಿಂದ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಸರ್ಕಾರದ ವಿಜ್ಞಾನ ಈ ಸೀಮೆಯತ್ತ ತಿರುಗಿಯೂ ನೋಡಲಿಲ್ಲ ಎನ್ನುವಂತಿಲ್ಲ. ಒಣಬೇಸಾಯದ ಸಂಶೋಧನೆ ಬಂತು, ಅಣೆಕಟ್ಟು ಬಂತು, ಬೋರು ಕೊರೆಯುವ ರಿಗ್ ಬಂತು, ಶುದ್ಧ ನೀರಿನ ಘಟಕ ಬಂತು, ಪಂಚಾಯಿತಿಗೊಂದು ಮಳೆಮಾಪಕ ಬಂತು. ಮೋಡಕ್ಕೆ ರಾಸಾಯನಿಕ ಉಗುಳುವ ವಿಮಾನವೂ ರಾಜ್ಯದ ಆಕಾಶದಲ್ಲಿ ಹಾರಿತು.

ಸರ್ಕಾರ ವಿಜ್ಞಾನಕ್ಕೆ ಹಣ ಕೊಡಬೇಕೇ ಎಂಬ ಬಗ್ಗೆ ಈಗ ಹೆಚ್ಚಿನವರಿಗೆ ತಕರಾರಿಲ್ಲ. ಯಾವ ವಿಜ್ಞಾನಕ್ಕೆ ಕೊಡಬೇಕು, ಯಾರನ್ನು ಕೇಳಿ ಕೊಡಬೇಕು, ಎಷ್ಟು ಕಾಲ ಕೊಡಬೇಕು, ಕೊಟ್ಟದ್ದು ಫಲಿಸಿತೇ ಎಂದು ನೋಡುವವರು ಯಾರು ಎಂಬಲ್ಲಿ ಜಗಳವಿದೆ. ಈ ಐದು ತಾಲ್ಲೂಕುಗಳ ಮಟ್ಟಿಗೆ ಉತ್ತರದ ಒಂದು ಎಳೆ ಇಸವಿಗಳಲ್ಲೇ ಸಿಗುತ್ತದೆ. ಬರಗಾಲಗಳ ಪಟ್ಟಿಯನ್ನೂ ಸರ್ಕಾರಿ ವಿಜ್ಞಾನ ಯೋಜನೆಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟರೆ, ಒಂದರ ಬೆನ್ನಿಗೆ ಇನ್ನೊಂದು ಬಂದಿರುವುದು ಕಾಣುತ್ತದೆ.

ಕ್ಷಾಮ ಕಟ್ಟಿದ ಇಲಾಖೆಗಳು

1876–78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅದರ ಬೆನ್ನಿಗೆ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ಪ್ರಾಂತ್ಯಕ್ಕೊಂದು ಕೃಷಿ ಇಲಾಖೆ ಬೇಕೆಂದು ಶಿಫಾರಸು ಮಾಡಿತು. ಈ ಭಾಗದ ಸರ್ಕಾರಿ ಕೃಷಿ ವಿಜ್ಞಾನದ ಮೂಲ ಅಲ್ಲಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಗೆ ಸಮೀಪದ ಹಗರಿಯಲ್ಲಿ ಸಂಶೋಧನಾ ಕ್ಷೇತ್ರ ತೆರೆಯಿತು. 1933ರ ಸುಮಾರಿಗೆ ಅಂದಿನ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿಯ ಒಣಬೇಸಾಯ ಯೋಜನೆ ಶುರುವಾದಾಗ ಸೊಲ್ಲಾಪುರ, ವಿಜಾಪುರ, ರಾಯಚೂರು, ರೋಹ್ಟಕ್‌ಗಳ ಜೊತೆ ಹಗರಿಯೂ ಅದರ ಕೇಂದ್ರವಾಯಿತು. ಒಡ್ಡು ಹಾಕಿ ಮಳೆನೀರು ಹಿಡಿಯಬೇಕು, ಸಾಲಿನಿಂದ ಸಾಲಿಗೆ ಅಂತರ ಹೆಚ್ಚಿಸಬೇಕು, ಬೀಜ ಕಡಿಮೆ ಹಾಕಬೇಕು, ಹೊಲವನ್ನು ಹರಗುತ್ತ ತೇವ ಉಳಿಸಿಕೊಳ್ಳಬೇಕು ಎಂಬವು ಅದರ ಮುಖ್ಯ ಶಿಫಾರಸುಗಳು. ಇದರಿಂದ ಇಳುವರಿ ಹೆಚ್ಚಿತು, ಆದರೆ ಕಣ್ಣಿಗೆ ಕಾಣುವಷ್ಟಲ್ಲ. ದಶಕದೊಳಗೆ ಯೋಜನೆಯೂ ಮುಗಿಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹಗರಿಯದು ಎರೆಭೂಮಿ. 1954ರಲ್ಲಿ ಬಳ್ಳಾರಿಯಲ್ಲಿ ಸ್ಥಾಪನೆಯಾದ ಮಣ್ಣು ಮತ್ತು ಜಲಸಂರಕ್ಷಣಾ ಕೇಂದ್ರ ಅಧ್ಯಯನಕ್ಕೆ ಎತ್ತಿಕೊಂಡದ್ದೂ ಮುಖ್ಯವಾಗಿ ಅರೆಶುಷ್ಕ ಸೀಮೆಯ ಎರೆಮಣ್ಣನ್ನೇ. ಕೂಡ್ಲಿಗಿ, ಕೊಟ್ಟೂರು ಕಡೆಯ ಹೆಚ್ಚಿನ ಹೊಲಗಳು ಮಸಾರಿ. ಕೆಂಪು, ತೆಳು, ಕಲ್ಲುಮಿಶ್ರಿತ ನೆಲ. ಎರೆಹೊಲ ಒಮ್ಮೆ ನೆನೆದರೆ ತಿಂಗಳುಗಟ್ಟಲೆ ತೇವ ಹಿಡಿಯುತ್ತದೆ, ಹಿಂಗಾರಿ ಜೋಳ ಆ ತೇವದಲ್ಲೇ ಬೆಳೆಯುತ್ತದೆ. ಮಸಾರಿಯಲ್ಲಿ ಹದಿನೈದು ದಿನ ಮಳೆ ತಪ್ಪಿದರೆ ಶೇಂಗಾ ಬಾಡುತ್ತದೆ. ನೂರು ವರ್ಷದ ಸಂಶೋಧನೆಯ ಬಹುಪಾಲು ಎರೆಯ ಮೇಲೆ ನಡೆದು, ಸಲಹೆ ಮಾತ್ರ ಇಡೀ ಜಿಲ್ಲೆಗೆ ಹೋಯಿತು. ಸರ್ಕಾರ ವಿಜ್ಞಾನವನ್ನು ನಡೆಸಿದ ರೀತಿಯ ಬಗ್ಗೆ ನನ್ನ ಮೊದಲ ದೂರು ಇದು. ಕೇಂದ್ರ ಎಲ್ಲಿ ಕಟ್ಟುತ್ತೇವೋ ಅಲ್ಲಿನ ಪ್ರಶ್ನೆಯೇ ಎಲ್ಲರ ಪ್ರಶ್ನೆಯಾಗಿಬಿಡುತ್ತದೆ.

ತುಂಗಭದ್ರಾ ಅಣೆಕಟ್ಟಿನದೂ ಇಂಥದೇ ಕಥೆ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತಿತು. ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಗೆ ಹರಡಿ ಊರು ಹೊಲಗಳನ್ನು ಮುಳುಗಿಸಿತು. ಕಾಲುವೆಗಳು ಮಾತ್ರ ಪೂರ್ವಕ್ಕೂ ಉತ್ತರಕ್ಕೂ ಹರಿದು ಸಿರುಗುಪ್ಪ, ಸಿಂಧನೂರು, ಆಂಧ್ರದ ಜಿಲ್ಲೆಗಳಿಗೆ ಹೋದವು. ಮುಳುಗಿದವರು ಒಂದು ಕಡೆ, ನೆನೆದವರು ಇನ್ನೊಂದು ಕಡೆ. ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ನೀರು ಪೋಲಾದಾಗ, ಕಟ್ಟುವುದಕ್ಕೆ ಸಿಗುವ ಹಣ ಕಾಯುವುದಕ್ಕೆ ಸಿಗುವುದಿಲ್ಲ ಎಂಬುದು ಮನೆಮಾತಾಯಿತು.

ವಿಜ್ಞಾನಿಗಳನ್ನು ಅವರ ಪಾಡಿಗೆ ಬಿಡಿ ಎನ್ನುವವರು

1939ರಲ್ಲಿ ಬ್ರಿಟನ್ನಿನ ಜೆ.ಡಿ. ಬರ್ನಾಲ್ ವಿಜ್ಞಾನವನ್ನು ಸಮಾಜದ ಅಗತ್ಯಕ್ಕೆ ತಕ್ಕಂತೆ ಯೋಜಿಸಬೇಕೆಂದು ವಾದಿಸಿದರು. ಮೈಕೇಲ್ ಪೊಲಾನಿ ಅದಕ್ಕೆ ಎದುರಾದರು. ಸತ್ಯಶೋಧನೆಗೆ ಸರ್ಕಾರ ದಾರಿ ತೋರಿಸಲು ಹೊರಟರೆ ಶೋಧನೆಯೇ ನಿಲ್ಲುತ್ತದೆ ಎಂಬುದು ಅವರ ಪಕ್ಷ. 1945ರಲ್ಲಿ ಅಮೆರಿಕದ ವನ್ನೆವಾರ್ ಬುಷ್ ತಮ್ಮ ವರದಿಯಲ್ಲಿ ಹೇಳಿದ್ದು ನಡುದಾರಿಯ ಮಾತು. ಮೂಲವಿಜ್ಞಾನಕ್ಕೆ ಸರ್ಕಾರ ಧಾರಾಳವಾಗಿ ಹಣ ಕೊಡಲಿ, ಪ್ರಯೋಜನ ತಾನಾಗಿ ಕೆಳಗಿಳಿಯುತ್ತದೆ ಎಂದರು. ನೆಹರೂ ಕಾಲದಲ್ಲಿ 1958ರ ಮಾರ್ಚ್‌ನಲ್ಲಿ ಅಂಗೀಕಾರವಾದ ವಿಜ್ಞಾನ ನೀತಿ ನಿರ್ಣಯದಲ್ಲಿ ಈ ಎರಡೂ ಕಡೆಯ ಮಾತುಗಳಿವೆ.

ವಿಜ್ಞಾನವನ್ನು ವಿಜ್ಞಾನಿಗಳಿಗೇ ಬಿಡಿ ಎನ್ನುವ ಪಕ್ಷದ ಬಲ ಎಲ್ಲಿದೆ ಎಂದು ನೋಡಬೇಕಾದರೆ ಮೊಳಕಾಲ್ಮುರು ದಾಟಿ ಚಳ್ಳಕೆರೆಗೆ ಹೋಗಬೇಕು. ಅಮೃತಮಹಲ್ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573 ಎಕರೆ ಹಂಚಿಕೆಯಾಯಿತು. ಅದು ಕುರಿ, ದನ ಮೇಯುತ್ತಿದ್ದ ನೆಲ. 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2017ರಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ವಿಜ್ಞಾನ ಸಂಸ್ಥೆ ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಸುತ್ತ ಬಂದಿರುವುದು ನಿಜವಾಗಿ ಒಳ್ಳೆಯ ಕೆಲಸ. ಆದರೆ ಕಾವಲು ಕಳೆದುಕೊಂಡ ಕುರಿಗಾರನಿಗೆ ಪ್ರಯೋಜನ ತಾನಾಗಿ ಇಳಿದುಬರಲು ಎಷ್ಟು ವರ್ಷ ಬೇಕು ಎಂದು ಬುಷ್ ವರದಿಯಲ್ಲಿ ಬರೆದಿಲ್ಲ. ಈ ವಾದದಿಂದ ಬೆಂಗಳೂರು ಅರ್ಥವಾಗುತ್ತದೆ, ಕೂಡ್ಲಿಗಿ ಅರ್ಥವಾಗುವುದಿಲ್ಲ.

ಮಿಷನ್‌ಗಳ ಕಾಲ: ಹ್ಯಾಂಡ್‌ಪಂಪ್ ಮತ್ತು ಶೇಂಗಾ

ಎರಡನೆಯ ಪಂಥದ ಪ್ರಕಾರ ಸರ್ಕಾರ ಗುರಿ ಗೊತ್ತುಮಾಡಬೇಕು, ಗಡುವು ಹಾಕಬೇಕು, ಬೇಕಾದ ತಂತ್ರಜ್ಞಾನವನ್ನು ಎಲ್ಲಿಂದಾದರೂ ಸಂಘಟಿಸಿ ತರಬೇಕು. ಇದರ ಸಾಧನೆ ಸಣ್ಣದಲ್ಲ. 1984ರಲ್ಲಿ ಹುಟ್ಟಿದ ಸಿ–ಡಾಟ್ ರೂಪಿಸಿದ 128 ಸಾಲಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ದೇಶದಲ್ಲೇ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ.

ನೀರಿನ ಕಥೆ ಮಾತ್ರ ಅಷ್ಟು ಸರಳವಲ್ಲ. 1966–67ರ ಬಿಹಾರ ಬರದಲ್ಲಿ ಯುನಿಸೆಫ್ ತರಿಸಿದ ರಿಗ್‌ಗಳು ಗಟ್ಟಿಬಂಡೆಯನ್ನೂ ಕೊರೆಯಬಹುದೆಂದು ತೋರಿಸಿದವು. ರಂಧ್ರವಾಯಿತು, ಆದರೆ ಎತ್ತುವ ಪಂಪು ಕೆಲವೇ ತಿಂಗಳಲ್ಲಿ ಕೆಡುತ್ತಿತ್ತು. ಜಾಲ್ನಾ, ಸೊಲ್ಲಾಪುರದ ವರ್ಕ್‌ಶಾಪ್‌ಗಳಲ್ಲಿ ಸಿದ್ಧವಾಗಿದ್ದ ಮಾದರಿಯನ್ನು ಯುನಿಸೆಫ್, ಸರ್ಕಾರಿ ಸಂಶೋಧನಾ ಸಂಸ್ಥೆ ಮತ್ತು ಮದ್ರಾಸಿನ ಸರ್ಕಾರಿ ಕಾರ್ಖಾನೆ ಸೇರಿ ತಿದ್ದಿದಾಗ 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್–2 ಪಂಪು ಬಂತು. ಊರೂರಿನ ಮಾರಮ್ಮನ ಗುಡಿ ಮುಂದೆ, ಶಾಲೆಯ ಪಕ್ಕ ನಿಂತಿರುವ ಆ ಕಬ್ಬಿಣದ ಪಂಪು ಭಾರತದ ಸಾರ್ವಜನಿಕ ತಂತ್ರಜ್ಞಾನದ ಅತ್ಯುತ್ತಮ ಮಾದರಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅದು ವರ್ಕ್‌ಶಾಪ್‌ನಲ್ಲಿ ಹುಟ್ಟಿ, ಲ್ಯಾಬಿನಲ್ಲಿ ಪರೀಕ್ಷೆಗೆ ಒಳಗಾಗಿ, ಊರಿನ ಮೆಕ್ಯಾನಿಕ್ ಕೈಗೆ ಬಂದ ವಸ್ತು.

ಮುಂದೆ ಇನ್ನೊಂದು ಕಷ್ಟ ಎದುರಾಯಿತು. ಗ್ರಾನೈಟ್ ಬಂಡೆಯೊಳಗೆ ಬೋರು ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚಿತು. ಕೂಡ್ಲಿಗಿ ಸೀಮೆಯ ಹಲವು ಹಳ್ಳಿಗಳಲ್ಲಿ ಹಲ್ಲಿನ ಕಂದು ಕಲೆ, ಬಗ್ಗದ ಮೊಣಕಾಲು ಊರಿನ ಗುರುತಾದವು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಮಾನದಂಡ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲೇ ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನ ರೂಪಿಸಿತ್ತು. ಅಗ್ಗದ ವಿಧಾನ ಸರಿಯೇ, ಆದರೆ ದಿನಾ ಪಟಿಕ ಅಳೆದು ಹಾಕುವವರು ಬೇಕು, ತಳದಲ್ಲಿ ನಿಲ್ಲುವ ಕೆಸರನ್ನು ಎಲ್ಲಿಗಾದರೂ ಸಾಗಿಸಬೇಕು. ಆ ಕೆಲಸಕ್ಕೆ ಯಾರ ಸಂಬಳದಲ್ಲೂ ಜಾಗವಿರಲಿಲ್ಲ. ಕಳೆದ ದಶಕದಲ್ಲಿ ರಾಜ್ಯದ ಸಾವಿರಾರು ಹಳ್ಳಿಗಳಲ್ಲಿ ಆರ್‌ಒ ಘಟಕಗಳು ಎದ್ದವು. ನಾಣ್ಯ ಹಾಕಿದರೆ ಕ್ಯಾನಿಗೆ ಇಪ್ಪತ್ತು ಲೀಟರ್ ‘ಫಿಲ್ಟರ್ ನೀರು’ ಬೀಳುತ್ತದೆ, ಅದರಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರು ಚರಂಡಿಗೆ ಹೋಗುತ್ತದೆ. ಮೆಂಬ್ರೇನ್ ಹೋಯಿತೆಂದರೆ ಘಟಕಕ್ಕೆ ಬೀಗ. ಈಗ ಜಲಜೀವನ್ ಮಿಷನ್ ಅಡಿ ನದಿನೀರನ್ನೇ ತರುವ ಬಹುಗ್ರಾಮ ಯೋಜನೆಗಳ ಸರದಿ. ಒಂದು ಮಿಷನ್‌ನಿಂದ ಎದ್ದ ಸಮಸ್ಯೆ ಮುಂದಿನ ಮಿಷನ್‌ಗೆ ಗುರಿಯಾಗುತ್ತ ಹೋಗಿದೆ.

ಶೇಂಗಾದ್ದು ಬೇರೆ ಬಗೆಯ ಪಾಠ. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ದೇಶದ ಎಣ್ಣೆಕಾಳು ಉತ್ಪಾದನೆಯನ್ನು ಸುಮಾರು 108 ಲಕ್ಷ ಟನ್ನಿನಿಂದ ಹತ್ತು ವರ್ಷದಲ್ಲಿ 240 ಲಕ್ಷ ಟನ್ ದಾಟಿಸಿತು. ಬೀಜ, ಗೊಬ್ಬರಕ್ಕಿಂತ ಹೆಚ್ಚಾಗಿ ಆಮದಿಗೆ ಹಾಕಿದ್ದ ತಡೆ ಮತ್ತು ಸಿಕ್ಕ ಬೆಲೆ ಇದಕ್ಕೆ ಕಾರಣವೆಂದು ಹಲವು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ. 1990ರ ದಶಕದ ನಡುವಿನಲ್ಲಿ ಪಾಮೆಣ್ಣೆಗೆ ಬಾಗಿಲು ತೆರೆದದ್ದೇ ತಡ, ಚಳ್ಳಕೆರೆಯ ಎಣ್ಣೆ ಗಿರಣಿಗಳು ಒಂದೊಂದಾಗಿ ಸದ್ದಡಗಿದವು. ವಿಜ್ಞಾನ ಖಾತೆ ಕೊಟ್ಟದ್ದನ್ನು ವಾಣಿಜ್ಯ ಖಾತೆ ಒಂದೇ ಸಹಿಯಲ್ಲಿ ಕಸಿದುಕೊಂಡಿತು. ಇನ್ನೊಂದು ಸಂಗತಿಯೂ ಇದೆ. ತಿಂಡಿವನಂನಿಂದ 1940ರಲ್ಲಿ ಹೊರಬಂದ ಟಿಎಂವಿ–2 ತಳಿಯನ್ನು ಬಿತ್ತುವ ರೈತರು ಇಂದಿಗೂ ಇದ್ದಾರೆ. ಆಮೇಲೆ ಹತ್ತಾರು ತಳಿ ಬಿಡುಗಡೆಯಾದವು. ಆದರೆ ಶೇಂಗಾ ಬೀಜ ಭಾರದ್ದು. ಎಕರೆಗೆ ಬೇಕಾಗುವುದು ಹೆಚ್ಚು, ಒಂದಕ್ಕೆ ಸಿಗುವುದು ಎಂಟೋ ಹತ್ತೋ. ಹೊಸ ತಳಿ ಹೊಲ ಮುಟ್ಟಬೇಕಾದರೆ ವರ್ಷಗಟ್ಟಲೆ ಬೀಜೋತ್ಪಾದನೆ ನಡೆಯಬೇಕು. ಪ್ರಬಂಧ ಬರೆದವರಿಗೆ ಬಡ್ತಿ ಸಿಗುತ್ತದೆ, ಬೀಜ ಬೆಳೆಸಿದವರಿಗೆ ಸಿಗುವುದಿಲ್ಲ.

ತಳದಿಂದ ಬರಲಿ ಎನ್ನುವವರು

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ‘ಅಸ್ತ್ರ’ ಕಟ್ಟಿದರು. ಮರುವರ್ಷ ಅದೇ ಆವರಣದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿತು. ಹಳ್ಳಿಯ ಪ್ರಶ್ನೆಯಿಂದಲೇ ಸಂಶೋಧನೆ ಶುರುವಾಗಲಿ ಎಂಬ ಈ ಪಂಥ ನಮಗೆ ಅಸ್ತ್ರ ಒಲೆ ಕೊಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಪ್ರಯೋಗದ ನೆಲ. ಬೆಂಗಳೂರಿಗೆ ಹತ್ತಿರವಿದ್ದ ಹಳ್ಳಿಗೆ ಸಿಕ್ಕ ಗಮನ ದೂರದ ತಾಲ್ಲೂಕುಗಳಿಗೆ ಸಿಗಲಿಲ್ಲ.

ಈ ಭಾಗಕ್ಕೆ ಅದರ ಹತ್ತಿರದ ರೂಪವಾಗಿ ಬಂದದ್ದು 2009ರ ಭೂಚೇತನ ಯೋಜನೆ. ರಾಜ್ಯ ಸರ್ಕಾರ ಮತ್ತು ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ ಅದನ್ನು ನಡೆಸಿದವು. ಮಣ್ಣು ಪರೀಕ್ಷೆಯಲ್ಲಿ ಸತು, ಬೋರಾನ್, ಗಂಧಕದ ಕೊರತೆ ಕಂಡಿತು. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಧ ಬೆಲೆಗೆ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ಕೊಟ್ಟರು. ಶೇಂಗಾ ಹೂವಿಗೆ ಬಂದು ಊಡು ಇಳಿಯುವ ಹೊತ್ತಿಗೆ ಜಿಪ್ಸಂ ಹಾಕಿದರೆ ಕಾಯಿ ತುಂಬುತ್ತದೆ ಎಂದು ಹೊಲದ ಬದುವಿನಲ್ಲಿ ನಿಂತು ಹೇಳಲು ಊರಿನವರನ್ನೇ ‘ರೈತ ಅನುವುಗಾರ’ರಾಗಿ ನೇಮಿಸಿದ್ದು ಅದರ ಜಾಣತನ. ಶೇಕಡ 20ರಷ್ಟು ಇಳುವರಿ ಹೆಚ್ಚಿಸುವ ಗುರಿ ಈಡೇರಿತೆಂದು ಯೋಜನೆಯವರು ವರದಿ ಕೊಟ್ಟರು. ಇದರಲ್ಲಿ ಒಳ್ಳೆಯ ಮಳೆಯ ಪಾಲೆಷ್ಟು, ಬೋರಾಕ್ಸಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕಂತು ಮುಗಿಯಿತು, ಹೆಸರು ಬದಲಾಯಿತು, ಅನುವುಗಾರರು ಮನೆಗೆ ಹೋದರು. ಕೃಷಿ ಹೊಂಡದ ಕೃಷಿಭಾಗ್ಯವೂ 2014ರಲ್ಲಿ ಬಂದು, ಸರ್ಕಾರ ಬದಲಾದ ಮೇಲೆ ಸೊರಗಿ, 2023ರ ನಂತರ ಮತ್ತೆ ಚಿಗುರಿತು. ಹೊಂಡದಲ್ಲಿ ನೀರು ನಿಲ್ಲುವುದೋ ಬಿಡುವುದೋ ಸಚಿವ ಸಂಪುಟ ನೋಡಿ ತೀರ್ಮಾನವಾಗಬಾರದು.

ಮಾರುಕಟ್ಟೆಯ ಮೆಕ್ಕೆಜೋಳ

ನಾಲ್ಕನೆಯವರು ಹೇಳುವುದು ಚಿಕ್ಕ ಮಾತು. ಸರ್ಕಾರ ಹಿಂದೆ ಸರಿಯಲಿ, ಕಂಪನಿಗಳು ಮಾಡುತ್ತವೆ. 1988ರ ಹೊಸ ಬೀಜ ನೀತಿಯ ನಂತರ ಖಾಸಗಿ ಹೈಬ್ರಿಡ್‌ಗಳು ಬಂದವು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳಲ್ಲಿ ಜೋಳ, ನವಣೆ, ಸಜ್ಜೆಯ ಹೊಲಗಳನ್ನು ಮೆಕ್ಕೆಜೋಳ ನುಂಗಿತು. ಸರ್ಕಾರಿ ಶೇಂಗಾ ತಳಿ ಎಂಟು ದಶಕದಲ್ಲಿ ಮಾಡದ್ದನ್ನು ಪ್ಯಾಕೆಟ್ ಬೀಜ ಒಂದು ದಶಕದಲ್ಲಿ ಮಾಡಿತು ಎಂಬುದನ್ನು ಒಪ್ಪಲೇಬೇಕು. ಆದರೆ 2018ರಲ್ಲಿ ಸೈನಿಕ ಹುಳು ಮೆಕ್ಕೆಜೋಳಕ್ಕೆ ಬಿದ್ದಾಗ ಅದನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು ಬೀಜ ಕಂಪನಿಯಲ್ಲ, ಶಿವಮೊಗ್ಗದ ಕೃಷಿ ಕಾಲೇಜು. 2023ರ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯ್ದೆಯ ಹಿಂದೆಯೂ ಖಾಸಗಿಯವರು ಮಾಡುತ್ತಾರೆಂಬ ಇದೇ ನಂಬಿಕೆಯಿದೆ. ಐದು ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಯಲ್ಲಿ ಸುಮಾರು 36 ಸಾವಿರ ಕೋಟಿ ಸರ್ಕಾರದ ಹೊರಗಿನಿಂದ ಬರಲಿ ಎಂಬುದು ಅದರ ಮೊದಲ ಲೆಕ್ಕ. ನವಣೆಯ ಬೇರಿನ ಮೇಲೆ ಸಂಶೋಧನೆಗೆ ಹಣ ಕೊಡುವ ಕಂಪನಿ ಯಾವುದು?

ಮಳೆಮಾಪಕದ ಸರ್ಕಾರ

ಬರದ ಬೆನ್ನಿಗೆ ಬಂದೂ ಉಳಿದುಕೊಂಡ ಸಂಸ್ಥೆಯೊಂದಿದೆ. 1980ರ ದಶಕದ ಬರಗಳ ಬಳಿಕ 1988ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲ ಬರ ಉಸ್ತುವಾರಿ ಕೋಶ ತೆರೆಯಿತು. ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದೇ. ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಗ್ರಾಮ ಪಂಚಾಯಿತಿ ಆವರಣದಲ್ಲಿ ಬೇಲಿಯೊಳಗೆ ಸೋಲಾರ್ ಫಲಕ ಹೊತ್ತ ಕಂಬವನ್ನು ಎಲ್ಲರೂ ನೋಡಿದ್ದೇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿ, ಮರುವರ್ಷ ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತುವಂತಾದದ್ದು ಇಂಥ ಲೆಕ್ಕಗಳ ಬಲದ ಮೇಲೆ.

ಆದರೆ ಮಳೆ ಪಂಚಾಯಿತಿ ಗಡಿ ನೋಡಿ ಬೀಳುವುದಿಲ್ಲ. ಎತ್ತಿನ ಒಂದು ಕೋಡು ನೆನೆದು ಇನ್ನೊಂದು ಒಣಗಿರುವ ಮಳೆ ಎಂದು ಹಳ್ಳಿಯಲ್ಲಿ ಆಡಿಕೊಳ್ಳುವುದುಂಟು. ಹವಾಮಾನ ಆಧಾರಿತ ವಿಮೆಯಲ್ಲಿ ದಾಳಿಂಬೆ ತೋಟದ ಪರಿಹಾರ ಆ ಕಂಬದ ಅಂಕಿಯ ಮೇಲೆ ನಿಂತಿದೆ. ಫಸಲ್ ಬಿಮಾದಲ್ಲಿ ಪಂಚಾಯಿತಿಗೆ ನಾಲ್ಕು ಕಡೆ ನಡೆಯುವ ಬೆಳೆ ಕಟಾವು ಪ್ರಯೋಗ ಎಲ್ಲರ ಹಣೆಬರಹ ಬರೆಯುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದಾಗ, ಲಕ್ಷ ಜನ ಅದರ ಅರ್ಥ ಏನಿರಬಹುದೆಂದು ದಾರಿಯುದ್ದಕ್ಕೂ ವಾದ ಮಾಡುತ್ತ ಊರಿಗೆ ಮರಳುತ್ತಾರೆ. ವಿಮೆಯ ಅಂಕಿಯ ಬಗ್ಗೆ ಹಾಗೆ ವಾದ ಮಾಡಲು ರೈತನಿಗೆ ವೇದಿಕೆಯೇ ಇಲ್ಲ.

ಮೋಡಕ್ಕೆ ಕರೆದ ಟೆಂಡರ್

ಉಳಿದ ಎಲ್ಲ ವಾದಗಳೂ ಒಂದೆಡೆ ಸೇರುವುದು ಮೋಡ ಬಿತ್ತನೆಯಲ್ಲಿ. 2003ರ ಬರಕ್ಕೆ ‘ವರುಣ’ ಯೋಜನೆ, 2017ಕ್ಕೆ ‘ವರ್ಷಧಾರಿ’. ಎರಡನೆಯದಕ್ಕೆ ಸುಮಾರು 35 ಕೋಟಿ ರೂಪಾಯಿಯ ಮಂಜೂರಾತಿ. ಮಳೆ ಶೇ 28ರ ಆಸುಪಾಸಿನಲ್ಲಿ ಹೆಚ್ಚಿತೆಂದು ಮೌಲ್ಯಮಾಪನ ಸಮಿತಿ ಹೇಳಿತು. ಆದರೆ ಆ ವರ್ಷ ಆಗಸ್ಟ್ ಕೊನೆಯಿಂದ ಮಳೆ ತಾನಾಗಿಯೇ ಚೆನ್ನಾಗಿ ಸುರಿಯಿತು. ಯಾವ ಮೋಡಕ್ಕೆ ಬಿತ್ತಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಚೀಟಿ ಎತ್ತಿ ಹೋಲಿಸದೆ ಇಂಥ ಶೇಕಡಾವಾರು ನಿಲ್ಲುವುದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸೊಲ್ಲಾಪುರದ ಮಳೆನೆರಳಿನಲ್ಲಿ ಕೆಲವು ವರ್ಷ ತಾಳ್ಮೆಯಿಂದ 276 ಮೋಡಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶ ಶೇ 18ರಷ್ಟು ಹೆಚ್ಚಳ. ಅದೂ ತಕ್ಕ ಮೋಡ ಸಿಕ್ಕಾಗ, ಕೆಲವು ಜಾಗಗಳಲ್ಲಿ. ಬರದ ವರ್ಷ ಸಿಗದಿರುವುದೇ ತಕ್ಕ ಮೋಡ.

ಇತ್ಯರ್ಥವಾಗದೆ ಉಳಿದದ್ದು

ಮಸಾರಿ ಹೊಲಕ್ಕೆ ಹೊಂದುವ ಒಣಬೇಸಾಯದ ಪದ್ಧತಿ ಯಾವುದು ಎಂಬ ಪ್ರಶ್ನೆಗೆ ಈ ತಾಲ್ಲೂಕುಗಳೊಳಗೇ ಇಪ್ಪತ್ತು ವರ್ಷ ಬಿಡದೆ ನಡೆದ ಪ್ರಯೋಗದಿಂದ ಮಾತ್ರ ಉತ್ತರ ಸಿಗಬಹುದು. 2009ರಲ್ಲಿ ಆರಂಭವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ಅಷ್ಟು ಉದ್ದದ ಕೆಲಸ ಹಿಡಿಯಬಲ್ಲದೇ, ಐದೈದು ವರ್ಷದ ಅನುದಾನದಲ್ಲಿ ಅದು ಸಾಧ್ಯವೇ ಎಂಬುದು ಗೊತ್ತಾಗಬೇಕು. ವಿಮೆಯ ಘಟಕವನ್ನು ಪಂಚಾಯಿತಿಗಿಂತ ಕೆಳಗಿಳಿಸಲು ಉಪಗ್ರಹದ ಚಿತ್ರವೊಂದೇ ಸಾಕೇ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ನದಿನೀರು ನಲ್ಲಿಗೆ ಬಂದ ಮೇಲೆ ಫ್ಲೋರೈಡ್ ಬೋರುಗಳನ್ನು ಮುಚ್ಚುತ್ತಾರೋ, ನದಿ ಬತ್ತಿದ ಬೇಸಿಗೆಯಲ್ಲಿ ಅವಕ್ಕೇ ಮರಳುತ್ತಾರೋ ನೋಡಬೇಕು. ಕಾವಲು ಕೊಟ್ಟ ಸೀಮೆಗೆ ವಿಜ್ಞಾನ ಏನು ಕೊಡಬೇಕು ಎಂಬುದಕ್ಕೆ ಲಿಖಿತ ಒಪ್ಪಂದವೇ ಇಲ್ಲ. ದೇಶ ತನ್ನ ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟನ್ನು ಸಂಶೋಧನೆಗೆ ಇಡುತ್ತದೆ, ಅದು ಕಡಿಮೆ ಎಂಬುದನ್ನು ಎಲ್ಲ ಪಂಥದವರೂ ಒಪ್ಪುತ್ತಾರೆ. ಆದರೆ ಹೆಚ್ಚಾದ ಹಣ ಒಣಭೂಮಿಗೆ ಬರುತ್ತದೆಂದು ಯಾವ ಪಂಥವೂ ಭರವಸೆ ಕೊಟ್ಟಿಲ್ಲ.

ಒಂದನ್ನು ಮಾತ್ರ ಈಗಲೇ ತೀರ್ಮಾನಿಸಬಹುದು. ಮುಂದಿನ ಬರದಲ್ಲಿ ವಿಮಾನ ಹಾರಿಸುವ ಪ್ರಸ್ತಾವ ಬಂದೇ ಬರುತ್ತದೆ. ಆಗ ಈ ಐದು ತಾಲ್ಲೂಕುಗಳ ಶಾಸಕರು ಅದಕ್ಕೆ ಸಹಿ ಹಾಕುವ ಮೊದಲು, ಅಷ್ಟೇ ಮೊತ್ತವನ್ನು ಕೂಡ್ಲಿಗಿಯ ಮಸಾರಿ ನೆಲದಲ್ಲಿ ಒಂದು ಕಾಯಂ ಪ್ರಯೋಗ ಕ್ಷೇತ್ರಕ್ಕೂ ಶೇಂಗಾ ಬೀಜೋತ್ಪಾದನೆಗೂ ಬರೆಸಿಕೊಳ್ಳಲಿ, ಮಳೆ ಬಂದ ವರ್ಷವೂ ಆ ಹಣ ನಿಲ್ಲಬಾರದೆಂಬ ಷರತ್ತು ಹಾಕಿ.